ಬುದ್ಧಿವಂತರ ಜಿಲ್ಲೆಯ ಬಾವಿ

ಬೊಳ್ಪು ರೆಸಿಡೆನ್ಸಿಯ ಬಾವಿ ನಾರಿತು. ಗೂಬೆಯನ್ನು ತಂದು ಹೇಮಾಕ್ಷಿಯ ತಲೆ ಮೇಲೆ ಕೂರಿಸಿದರು.

ಇವೆರಡರ ನಡುವೆ ಹೆಚ್ಚು ದಿನ ಹೋಗಲಿಲ್ಲ. ನೀರನ್ನು ಪರೀಕ್ಷೆಗೆ ಕಳಿಸಿದ್ದರೂ ಉತ್ತರ ಬರಲು ಇದಕ್ಕಿಂತ ತಡವಾಗುತ್ತಿತ್ತು. ಆದರೆ ನೀರನ್ನು ಪರೀಕ್ಷೆಗೆ ಕಳಿಸಬೇಕು ಎಂದು ಅಲ್ಲಿ ಹೆಚ್ಚಿನವರಿಗೆ ಹೊಳೆಯಲಿಲ್ಲ. ಹೊಳೆದವರು ಬಾಯಿ ಬಿಡಲಿಲ್ಲ. ನಮ್ಮದು ಬುದ್ಧಿವಂತರ ಜಿಲ್ಲೆ ಎಂದು ಊರೆಲ್ಲ ಹೇಳುತ್ತದೆ. ಶಕ್ತಿನಗರದ ಆ ಕಟ್ಟಡದಲ್ಲಿ ಇಂಜಿನಿಯರುಗಳಿದ್ದರು, ಬ್ಯಾಂಕ್ ಮ್ಯಾನೇಜರುಗಳಿದ್ದರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದ ಇರ್ವಿನ್ ಇದ್ದ. ಬುದ್ಧಿಗೆ ಅಲ್ಲಿ ಬರಗಾಲ ಇರಲಿಲ್ಲ. ಅದನ್ನು ಮೇಲಿನ ಮಹಡಿಯಿಂದ ಬಾವಿಕಟ್ಟೆಯವರೆಗೆ ಇಳಿಸಿ ತರುವವರು ಯಾರೂ ಇರಲಿಲ್ಲ, ಅಷ್ಟೆ.

ಹೇಮಾಕ್ಷಿ ಆ ಕಟ್ಟಡವನ್ನು ಗುಡಿಸಿ ಒರೆಸುವವಳು. ಬಿಕರ್ನಕಟ್ಟೆಯ ಬಾಡಿಗೆ ಮನೆಯಿಂದ ಬೆಳಿಗ್ಗೆ ಏರು ಹತ್ತಿ ಬರುತ್ತಾಳೆ. ಮೇಲಿನ ಮಹಡಿಯಿಂದ ಕೆಲಸ ಶುರು. ಬಾಗಿಲ ಮುಂದಿಟ್ಟ ಕಸದ ಬಕೆಟ್‌ಗಳನ್ನು ಎತ್ತಬೇಕು. ಒಂದರಲ್ಲಿ ಬಂಗುಡೆಯ ತಲೆ, ಒಂದರಲ್ಲಿ ಮಗುವಿನ ಡೈಪರು, ಇನ್ನೊಂದರಲ್ಲಿ ಕಾಗದ ಕೂಡ ಸುತ್ತದ ಒಡೆದ ಗಾಜು. ಎಲ್ಲವನ್ನೂ ಮೆಟ್ಟಿಲಲ್ಲಿ ಹೊತ್ತು ಇಳಿಸಬೇಕು. ಲಿಫ್ಟ್ ಹಿಡಿಯುವಂತಿಲ್ಲ, ವಾಸನೆ ಉಳಿಯುತ್ತದಂತೆ. ಆಮೇಲೆ ಮೊಣಕಾಲೂರಿ ಮೆಟ್ಟಿಲು ಒರೆಸಬೇಕು. ಫಿನಾಯಿಲ್ ನೀರಲ್ಲಿ ಅದ್ದಿ ಅದ್ದಿ ಅವಳ ಬೆರಳ ಸಂದಿಗಳು ಬಿರಿದಿವೆ. ರಾತ್ರಿ ಊಟಕ್ಕೆ ಕೂತರೆ ಉಪ್ಪಿನಕಾಯಿ ಮುಟ್ಟುವಂತಿಲ್ಲ. ಮೆಟ್ಟಿಲ ಅಡಿಯಲ್ಲಿ ಒಂದು ಕಕ್ಕಸು ಇದೆ. ಅದಕ್ಕೆ ಬೀಗ. ಬೆಳಿಗ್ಗೆ ಮನೆ ಬಿಟ್ಟವಳು ಮಧ್ಯಾಹ್ನ ಮನೆ ಸೇರುವವರೆಗೆ ಬಿಗಿ ಹಿಡಿದುಕೊಂಡೇ ಇರಬೇಕು. ಆ ಬೀಗ ಯಾಕೆ ಹಾಕಿದ್ದು ಎಂದು ಕಟ್ಟಡದಲ್ಲಿ ಯಾರನ್ನು ಕೇಳಿದರೂ ತಿಳಿಯದು.

ಬಾವಿ ಇರುವುದು ಕಟ್ಟಡದ ಹಿಂದೆ, ಇಳಿಜಾರಿನಲ್ಲಿ. ತೂತು ತೂತಾದ ಕೆಂಪು ಮುರಕಲ್ಲಿನ ಹಳೆಯ ಬಾವಿ. ಪಂಪು ನೀರನ್ನು ಮೇಲಿನ ಟ್ಯಾಂಕಿಗೆ ಕಳಿಸುತ್ತದೆ. ಹಳೆಯ ರಾಟೆಯೂ ಹಗ್ಗವೂ ಹಾಗೆಯೇ ಉಳಿದಿವೆ. ಕೆಳಗಿನ ನಲ್ಲಿಯನ್ನು ಅಸೋಸಿಯೇಷನ್‌ನವರು ಬಂದ್ ಮಾಡಿದ್ದರಿಂದ ಒರೆಸುವ ನೀರನ್ನು ಹೇಮಾಕ್ಷಿ ಬಾವಿಯಿಂದಲೇ ಸೇದಬೇಕು. ಹಾಗಾಗಿ ಆ ಹಗ್ಗ ಮುಟ್ಟುವ ಕೈ ಇಡೀ ಕಟ್ಟಡದಲ್ಲಿ ಅವಳದ್ದೊಂದೇ.

ಬಾವಿಗಿಂತ ಸ್ವಲ್ಪ ಮೇಲೆ, ಅದೇ ಇಳಿಜಾರಿನಲ್ಲಿ, ಕಟ್ಟಡದ ಕಕ್ಕಸಿನ ಟ್ಯಾಂಕು. ರಸ್ತೆಯಲ್ಲಿ ಒಳಚರಂಡಿಯ ಪೈಪು ಬಂದು ವರ್ಷಗಳಾಗಿದ್ದವು. ಅದಕ್ಕೆ ಸೇರಿಸಿಕೊಳ್ಳಿ ಎಂದು ಕಾರ್ಪೊರೇಷನ್‌ನವರು ಹೇಳಿ ಹೋಗಿದ್ದರು. ಅಸೋಸಿಯೇಷನ್ ಅಧ್ಯಕ್ಷ ತಾರಾನಾಥ ಆಮೇಲೆ ನೋಡುವ ಎಂದ. ಅವನದ್ದು ಪೇಟೆಯಲ್ಲಿ ಹೋಟೆಲು, ಮುಂದಿನ ಚುನಾವಣೆಯಲ್ಲಿ ವಾರ್ಡಿನ ಟಿಕೆಟ್ ಮೇಲೆ ಕಣ್ಣು. ಖರ್ಚಿನ ಮಾತೆತ್ತಿ ಯಾರ ಮನಸ್ಸನ್ನೂ ನೋಯಿಸುವ ಜಾಯಮಾನ ಅವನದ್ದಲ್ಲ. ಹಾಗಾಗಿ ನೀರು ನಾರಿದಾಗ ಟ್ಯಾಂಕಿನ ಕಡೆ ಯಾರೂ ಕಣ್ಣೆತ್ತಲಿಲ್ಲ. ತಾರಾನಾಥ ಜೋಯಿಸರನ್ನು ಕರೆಸಿದ. ಕಾರಣ ತಿಳಿಯಲು ಪ್ರಶ್ನೆ ಇಡಿಸಿದ.

ಕವಡೆ ಉರುಳಿತು. ನೀರಿಗೆ ಹೆಂಗಸಿನ ಮೈಲಿಗೆ ತಾಗಿದೆ ಎಂದು ಜೋಯಿಸರು ಹೇಳಿದರು. ಎಲ್ಲರಿಗೂ ಸಮಾಧಾನವಾಯಿತು. ಟ್ಯಾಂಕು ಅಗೆಯುವುದಕ್ಕಿಂತ ಇದು ಸುಲಭ.

ಮರುದಿನ ತಾರಾನಾಥನ ಹೆಂಡತಿ ಶಶಿಪ್ರಭಾ ಹೇಮಾಕ್ಷಿಯನ್ನು ಬಾಗಿಲ ಬಳಿ ನಿಲ್ಲಿಸಿದಳು. ಶಶಿಪ್ರಭಾ ಕೆಟ್ಟ ಹೆಂಗಸಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾಳೆ, ಜ್ವರ ಬಂದರೆ ಮಾತ್ರೆ ಕೊಡುತ್ತಾಳೆ. ಅವತ್ತೂ ಅದೇ ಮೆದು ದನಿ.

"ಹೇಮಾ, ಆದಿತ್ಯವಾರ ಮೀಟಿಂಗ್ ಉಂಟು. ನೀನು ಸ್ವಲ್ಪ ಬರಬೇಕು."

"ಗುಡಿಸ್ಲಿಕ್ಕಾ ಅಕ್ಕ?"

"ಅಲ್ಲ ಮಾರಾಯ್ತಿ. ಒಂದು ತಪ್ಪು ಕಾಣಿಕೆ ಹಾಕ್ಲಿಕ್ಕೆ."

ತಪ್ಪು ಕಾಣಿಕೆ ಎಂದರೆ ಏನು ಎಂದು ಈ ಊರಿನ ಹಸುಗೂಸಿಗೂ ಗೊತ್ತು. ತಪ್ಪು ಮಾಡಿದವನು ಎಲ್ಲರ ಮುಂದೆ ಕೈಮುಗಿದು, ಹೌದು, ನನ್ನಿಂದಾಯಿತು ಎಂದು ಒಪ್ಪಿಕೊಂಡು ದೇವರ ಹೆಸರಲ್ಲಿ ಹಾಕುವ ಹಣ.

"ಯಾರ ತಪ್ಪು ಅಕ್ಕ?"

ಶಶಿಪ್ರಭಾ ದನಿ ಇಳಿಸಿದಳು. "ಜೋಯಿಸರು ಹೇಳಿದ್ದು. ಮುಟ್ಟಾದ ಹೆಂಗಸು ಬಾವಿ ಮುಟ್ಟಿದ್ದಾಳೆ ಅಂತ. ಹಗ್ಗ ಹಿಡಿಯುವವಳು ನೀನೊಬ್ಬಳೇ ಅಲ್ವಾ? ಬೇಕಂತ ಮಾಡಿದ್ದು ಅಂತ ಯಾರೂ ಹೇಳುವುದಿಲ್ಲ. ಕೈಮುಗಿದು ತಪ್ಪಾಯ್ತು ಅಂತ ಒಂದು ಮಾತು ಹೇಳು, ಮುಗೀತು. ದುಡ್ಡು ನಾನೇ ಕೊಡ್ತೇನೆ."

ಹೇಮಾಕ್ಷಿಗೆ ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ತಪ್ಪೂ ಇವರೇ ಹುಡುಕಿದ್ದು, ತಪ್ಪಿನ ಹಣವೂ ಇವರೇ ಕೊಡುವುದು. ಅವಳಿಂದ ಬೇಕಾದದ್ದು ಬಗ್ಗುವ ಬೆನ್ನು ಮಾತ್ರ.

"ಹಾಕದಿದ್ರೆ?" ಎಂದು ಕೇಳಿದಳು.

"ಹಾಗೆಲ್ಲ ಹೇಳಬೇಡ. ಇವರು ಬೇರೆ ಜನ ನೋಡ್ತಾರೆ. ಮತ್ತೆ ಈ ಸುತ್ತಿನ ಯಾವ ಬಿಲ್ಡಿಂಗಲ್ಲೂ ನಿನ್ನನ್ನು ತಗೊಳ್ಳುವುದಿಲ್ಲ. ಬಾವಿ ಹಾಳು ಮಾಡಿದವಳು ಅಂತ ಹೆಸರು ಬಂದ್ರೆ ಕಷ್ಟ ಅಲ್ವಾ?"

ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ಅವಳು ಝಹ್ರಾಳಿಗೆ ಹೇಳಿದಳು. ಝಹ್ರಾ ಉಳ್ಳಾಲದಿಂದ ಬಂದು ಅದೇ ಕಟ್ಟಡದ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವವಳು. ವಯಸ್ಸಲ್ಲಿ ಸಣ್ಣವಳು, ನಾಲಿಗೆ ಉದ್ದ.

"ಹೇಮಕ್ಕ, ನಿಮಗೆ ಮುಟ್ಟಾ?" ಎಂದು ಅವಳು ಕಣ್ಣರಳಿಸಿದಳು. "ನಿಮಗೆ ಅದು ನಿಂತು ಹೋಗಿದೆ ಅಂತ ನೀವೇ ಹೇಳಿದ್ದಲ್ವಾ?"

"ನಿಂತದ್ದೇ. ಮಗಳ ಮದುವೆಗೂ ಮೊದಲು ನಿಂತಿದೆ."

"ಹಾಗಾದ್ರೆ ಜೋಯಿಸರು ಅದನ್ನು ವಾಪಸ್ ಬರಿಸಿದ್ರಾ? ಆ ಕವಡೆಯನ್ನು ಡಾಕ್ಟರ್‌ಗಳಿಗೆ ತೋರಿಸ್ಬೇಕು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ಹೇಮಾಕ್ಷಿಗೆ ಅಸಲು ಕಷ್ಟ ಹೊಳೆಯಿತು. ಉತ್ತರವೇನೋ ಇದೆ. ಆದರೆ ಅದನ್ನು ಹೇಳುವುದು ಹೇಗೆ? ಅಷ್ಟು ಗಂಡಸರ ಮುಂದೆ ನಿಂತು ನನಗೆ ಮುಟ್ಟು ನಿಂತಿದೆ ಎನ್ನಬೇಕು. ಗಂಡನ ಹತ್ತಿರವೂ ಅವಳು ಆ ಮಾತನ್ನು ಸೊಲ್ಲೆತ್ತಿ ಆಡಿದವಳಲ್ಲ. ಅವರೆಲ್ಲ ನಂಬಿ ಕೂತದ್ದು ಇದನ್ನೇ. ಹೆಂಗಸು ಬಾಯಿ ಬಿಡಲಾರಳು ಎಂಬ ಧೈರ್ಯದ ಮೇಲೆಯೇ ಈ ತೀರ್ಪು ನಿಂತಿತ್ತು.

ಮನೆಯಲ್ಲಿ ವಿಷಯ ತಿಳಿಸಿದಾಗ ಗಂಡ ಜಯನೂ ಬಾಯಿ ಬಿಡಬೇಡ ಎಂದೇ ಹೇಳಿದ. ದುಬೈಯಲ್ಲಿ ಹತ್ತಾರು ವರ್ಷ ಗಾಡಿ ಬಿಟ್ಟು ಬಂದು ಈಗ ರಿಕ್ಷಾ ಓಡಿಸುವವನು. ಜಗಳ ಎಂದರೆ ಆಗದು.

"ಹಾಕಿ ಬಿಡು ಮಾರಾಯ್ತಿ. ದುಡ್ಡು ಅವರದ್ದೇ. ನಿನ್ನದೆಂತ ಹೋಗ್ತದೆ? ಆ ವಿಷಯವನ್ನೆಲ್ಲ ಗಂಡಸರ ಎದುರು ಮಾತಾಡುವುದು ಮರ್ಯಾದೆಯಾ?"

"ಮಾಡದ ತಪ್ಪನ್ನು ಮಾಡಿದ್ದೇನೆ ಅಂತ ಹೇಳುವುದು ಮರ್ಯಾದೆಯಾ?"

"ಅದು ಪ್ರಶ್ನೆಯಲ್ಲಿ ಬಂದದ್ದು ಅಲ್ವಾ? ದೇವರ ವಿಷಯ."

ಆ ಮಾತು ಹೇಮಾಕ್ಷಿಗೆ ಮೂಗಿನ ತುದಿಗೆ ಸಿಟ್ಟು ತಂದಿತು. "ದೇವರ ವಿಷಯ ನನಗೆ ಹೇಳಬೇಡಿ. ನಮ್ಮ ತರವಾಡು ಮನೆಯಲ್ಲಿ ದೈವದ ಕೋಲ ಆಗುವಾಗ ಎಂತ ಮಾಡ್ತಾರೆ? ತಕರಾರು ಇದ್ದವರನ್ನು ಎರಡು ಕಡೆಯೂ ನಿಲ್ಲಿಸಿ, ನೀನು ಹೇಳು, ನೀನೂ ಹೇಳು ಅಂತ ಕೇಳಿದ ಮೇಲೆ ಅಲ್ವಾ ದೈವ ನುಡಿ ಕೊಡುವುದು? ದೈವ ಕೂಡ ನನ್ನನ್ನು ಕೇಳದೆ ತೀರ್ಪು ಹೇಳುವುದಿಲ್ಲ. ಇವರು ನನ್ನನ್ನು ಒಂದು ಮಾತು ಕೇಳಿದ್ರಾ? ದೈವಕ್ಕಿಂತ ದೊಡ್ಡವರಾ ಇವರು?"

ಜಯ ರಿಕ್ಷಾದ ಕೀಲಿಯನ್ನು ಮೊಳೆಗೆ ತೂಗುಹಾಕಿದ. ಆಮೇಲೆ, "ಆದಿತ್ಯವಾರ ನಾನೇ ರಿಕ್ಷಾದಲ್ಲಿ ಬಿಡ್ತೇನೆ. ನಡೆದು ಹೋಗಿ ಸುಸ್ತಾದ್ರೆ ದನಿ ಬರುವುದಿಲ್ಲ," ಎಂದ.

ಮೀಟಿಂಗ್ ನಡೆದದ್ದು ಕಟ್ಟಡದ ಕೆಳಗಿನ ಹಾಲ್‌ನಲ್ಲಿ. ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಎದುರಿಗೆ ಮೇಜು, ಮೇಜಿನ ಮೇಲೆ ದೀಪ, ಒಂದು ಹರಿವಾಣ. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ. ಹೇಮಾಕ್ಷಿಗೆ ಕುರ್ಚಿ ಇರಲಿಲ್ಲ. ಗೋಡೆಗೆ ಒರಗಿ ನಿಂತಳು. ಬಾಗಿಲ ಬಳಿ ಝಹ್ರಾ ಮತ್ತು ಫ್ಲ್ಯಾಟುಗಳ ಕೆಲಸಕ್ಕೆ ಬರುವ ಇನ್ನೂ ಕೆಲವು ಹೆಂಗಸರು ನಿಂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

ತಾರಾನಾಥ ಒಳ್ಳೆಯ ಮಾತುಗಾರ. ಬಾವಿಯ ಪಾವಿತ್ರ್ಯ, ಹಿರಿಯರ ನಂಬಿಕೆ, ಎಲ್ಲರೂ ಒಂದೇ ಕುಟುಂಬದಂತೆ ಇರುವ ಸೌಭಾಗ್ಯ, ಎಲ್ಲ ಹೇಳಿದ. ಕೊನೆಗೆ ಶಶಿಪ್ರಭಾ ಎದ್ದು ಬಂದು ಹೇಮಾಕ್ಷಿಯ ಕೈಗೆ ಒಂದು ನೋಟು ತುರುಕಿದಳು.

ಹೇಮಾಕ್ಷಿ ನೋಟು ನೋಡಿದಳು. ನಡೆದು ಹೋಗಿ ಆ ನೋಟನ್ನು ಮೇಜಿನ ಮೇಲೆ ಇಟ್ಟಳು. ಹರಿವಾಣದಲ್ಲಿ ಅಲ್ಲ, ಹೊರಗೆ.

"ತಪ್ಪು ಎಂತದ್ದು ಅಂತ ಒಮ್ಮೆ ಹೇಳಿ ಸರ್. ಗೊತ್ತಾದ್ರೆ ಹಾಕ್ತೇನೆ."

ತಾರಾನಾಥ ನಕ್ಕ. "ನಿನಗೆ ಗೊತ್ತುಂಟಲ್ಲ. ಅಕ್ಕ ಹೇಳಿದ್ದಾರೆ."

"ಅಕ್ಕ ಹೇಳಿದ್ದು ಬಾಗಿಲ ಹತ್ತಿರ. ಕೈಮುಗಿಯುವುದು ಇಲ್ಲಿ. ತಪ್ಪನ್ನೂ ಇಲ್ಲಿಯೇ ಹೇಳಿ."

"ಅದೇ… ಹೆಂಗಸರದ್ದು. ಹೊರಗೆ ಕೂರುವುದು."

"ಮುಟ್ಟಾ?"

ಕುರ್ಚಿಗಳ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಬ್ಬ ಇಂಜಿನಿಯರು ಮೊಬೈಲು ತೆಗೆದು ನೋಡತೊಡಗಿದ.

"ಅದೇ," ಎಂದ ತಾರಾನಾಥ.

"ಯಾವಾಗ ಆದದ್ದು ಸರ್?"

"ಇತ್ತೀಚೆಗೆ, ನೀರು ವಾಸನೆ ಬರುವ ಮೊದಲು ಅಂತ ಜೋಯಿಸರು ಹೇಳಿದ್ದಾರೆ. ನೋಡು, ಇದು ಕೋರ್ಟ್ ಅಲ್ಲ. ವಾದ ಮಾಡ್ಲಿಕ್ಕೆ ಇಲ್ಲ."

"ಕೋರ್ಟ್ ಅಲ್ಲದಿದ್ರೆ ತೀರ್ಪು ಯಾಕೆ ಸರ್? ತೀರ್ಪು ಹೇಳ್ತೀರಿ ಅಂತಾದ್ರೆ ನನ್ನ ಮಾತೂ ಕೇಳಬೇಕು." ಹೇಮಾಕ್ಷಿ ಒಮ್ಮೆ ಉಸಿರೆಳೆದುಕೊಂಡಳು. ನಾಚಿಕೆ ಕತ್ತಿನವರೆಗೆ ಬಂದಿತ್ತು. ಅದನ್ನು ನುಂಗಿದಳು. "ನನಗೆ ಮುಟ್ಟು ನಿಂತು ವರ್ಷಗಳಾಯ್ತು. ನಾನು ಅಜ್ಜಿ ಆದವಳು. ಇಲ್ಲದ ಮುಟ್ಟನ್ನು ನಾನು ಎಲ್ಲಿಂದ ತಂದು ನಿಮ್ಮ ಬಾವಿಗೆ ಹಾಕ್ಲಿ?"

ಗಂಡಸರೆಲ್ಲ ನೆಲ ನೋಡಿದರು. ಅವಳೇ ಒರೆಸಿದ ನೆಲ. ಹೇಳಿದ್ದಾಯಿತು, ಭೂಮಿ ಬಾಯಿ ಬಿಡಲಿಲ್ಲ. ನಾಚಿಕೆ ಅವಳನ್ನು ಬಿಟ್ಟು ಕುರ್ಚಿಯಲ್ಲಿ ಕೂತವರ ಮುಖಕ್ಕೆ ಹೋಗಿ ಕೂತಿತ್ತು. ಬಾಗಿಲ ಬಳಿ ಝಹ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಡುವಿನ ಸಾಲಿನಲ್ಲಿ ಒಬ್ಬ ಮುದುಕಿ ಕಿಸಕ್ಕೆಂದು ನಕ್ಕೇಬಿಟ್ಟಳು.

ತಾರಾನಾಥ ಸುಲಭಕ್ಕೆ ಸೋಲುವವನಲ್ಲ. ಮೊಬೈಲು ತೆಗೆದು ಜೋಯಿಸರಿಗೆ ಫೋನ್ ಮಾಡಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ಅವನು ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪು ಅದೇ ಇರಬೇಕು.

"ಜೋಯಿಸರೆ, ಆ ಹೆಂಗಸಿಗೆ ಮುಟ್ಟು ನಿಂತಿದೆಯಂತೆ. ಇನ್ನೆಂತ ಮಾಡುವುದು?"

ಆ ಕಡೆಯಿಂದ ಗಂಭೀರವಾದ ದನಿ ಬಂತು. "ಪ್ರಶ್ನೆಯಲ್ಲಿ ಕಂಡದ್ದು ಸುಳ್ಳಾಗುವುದಿಲ್ಲ ತಾರಾನಾಥರೆ. ಅವಳಲ್ಲದಿದ್ರೆ ಕಟ್ಟಡದ ಒಳಗಿನ ಹೆಂಗಸೇ. ದೊಡ್ಡ ಮನೆಯ ಹೆಂಗಸು ಅಂತ ಕಾಣ್ತದೆ. ಅವರನ್ನೇ ಕರೆದು ಕೇಳಿ."

ಕಟ್ಟಡದಲ್ಲಿ ದೊಡ್ಡ ಮನೆ ಒಂದೇ. ಅದು ತಾರಾನಾಥನದ್ದು. ಅವನು ಫೋನು ಕಟ್ ಮಾಡುವಷ್ಟರಲ್ಲಿ ಮಾತು ಕೊನೆಯ ಸಾಲಿನವರೆಗೆ ಹೋಗಿ ಮುಟ್ಟಿತ್ತು.

ಶಶಿಪ್ರಭಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಈಗ ಎಂತ? ನಾನು ಇಲ್ಲಿ ಎಲ್ಲರ ಮುಂದೆ ತಾರೀಕು ಹೇಳಬೇಕಾ?"

"ಛೆ, ಅದಲ್ಲ ಮಾರಾಯ್ತಿ…"

"ಇವಳಾದ್ರೆ ಕೇಳ್ಬಹುದು, ನಾನಾದ್ರೆ ಛೆಯಾ?"

ಆ ಪ್ರಶ್ನೆ ಅವಳ ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಅದರ ಬಿಸಿ ತಾಗಿತು. ಮೇಜಿನ ಮೇಲಿದ್ದ ತನ್ನ ನೋಟನ್ನು ನೋಡಿದಳು. ಎತ್ತಿಕೊಂಡು ಪರ್ಸಿಗೆ ಹಾಕಿದಳು. ಬೇರೆ ಹೆಂಗಸರೂ ಗದ್ದಲ ಎಬ್ಬಿಸಿದರು. ತಮ್ಮ ಬುಡಕ್ಕೆ ಬಂದಾಗ ಜನರಿಗೆ ತರ್ಕ ಎಷ್ಟು ಚೆನ್ನಾಗಿ ಬರುತ್ತದೆ ಎಂದರೆ ಕೇಳಬೇಡಿ. ಬಾವಿಗೆ ಯಾರೂ ಇಳಿಯದೆ ಮೈಲಿಗೆ ಹೇಗೆ ಇಳಿಯಿತು, ಹಗ್ಗ ಮುಟ್ಟದವರ ಕೈ ನೀರಿಗೆ ಹೇಗೆ ತಾಗಿತು, ಇಡೀ ಊರಿನ ಬಾವಿಗಳೆಲ್ಲ ಯಾಕೆ ನಾರುವುದಿಲ್ಲ ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಕೇಳಿದರು. ಹೇಮಾಕ್ಷಿಯ ಪರವಾಗಿ ಇದರಲ್ಲಿ ಒಂದು ಪ್ರಶ್ನೆಯನ್ನೂ ನಿನ್ನೆಯವರೆಗೆ ಯಾರೂ ಕೇಳಿರಲಿಲ್ಲ.

ಆ ಗದ್ದಲದಲ್ಲಿ ಇರ್ವಿನ್ ಎದ್ದು ನಿಂತ. "ನನಗೆ ಅನಿಸುವುದು… ಕಕ್ಕಸಿನ ಟ್ಯಾಂಕು ಸೋರ್ತಾ ಉಂಟು. ಮುರಕಲ್ಲಲ್ಲಿ ನೀರು ಸುಲಭವಾಗಿ ಇಳೀತದೆ. ಬಾವಿ ಕೆಳಗೆ ಉಂಟಲ್ಲ."

ಹೇಮಾಕ್ಷಿ ಅವನನ್ನು ನೋಡಿದಳು. "ಯಾವಾಗಿಂದ ಅನಿಸುವುದು ಸರ್?"

"ಮೊದಲ ದಿನದಿಂದ."

"ಹೇಳ್ಲಿಲ್ಲ ಯಾಕೆ?"

ಇರ್ವಿನ್ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. "ಇವರ ಪ್ರಶ್ನೆ, ಇವರ ನಂಬಿಕೆ. ನಾನು ಕ್ರಿಸ್ತಾನ, ಇಗರ್ಜಿಗೆ ಹೋಗುವವನು. ನಾನು ಬಾಯಿ ಹಾಕಿದ್ರೆ, ಇವರಿಗ್ಯಾಕೆ ನಮ್ಮ ವಿಷಯ ಅಂತ ಆಗ್ತದೆ. ಈಗಿನ ಕಾಲ ನಿಮಗೆ ಗೊತ್ತುಂಟಲ್ಲ ಹೇಮಾಕ್ಷಿ."

"ಗೊತ್ತುಂಟು ಸರ್. ನೀವು ಹೆದರಿದ್ದು ತಪ್ಪಲ್ಲ. ಆದ್ರೆ ನಿಮ್ಮ ಹೆದರಿಕೆಯ ಕಾಣಿಕೆ ನಾನು ಹಾಕಬೇಕಾಗಿ ಬರ್ತಿತ್ತು."

ಇರ್ವಿನ್‌ನ ಮುಖ ಕೆಂಪಾಯಿತು. ಅವನು ಕೂತುಕೊಳ್ಳಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಂದು ಬಣ್ಣದ ಪುಡಿ ಸಿಗುತ್ತದೆ, ಚಿಟಿಕೆಯಷ್ಟಿದ್ದರೂ ನೀರು ಹಸಿರಾಗಿ ಹೊಳೆಯುತ್ತದೆ, ವಿಷವಲ್ಲ, ಅದನ್ನು ಟ್ಯಾಂಕಿಗೆ ಹಾಕಿ ನೋಡುವ, ಬಾವಿ ಹಸಿರಾದರೆ ಹೊಲಸು ನಮ್ಮದೇ ಎಂದು ಪಾಠ ಮಾಡುವ ದನಿಯಲ್ಲಿ ವಿವರಿಸಿದ.

"ಆಯ್ತು," ಎಂದ ತಾರಾನಾಥ, ಮುಳುಗುವವನಿಗೆ ಹಗ್ಗ ಸಿಕ್ಕಿದಂತೆ. "ಹಾಕಿ ನೋಡುವ. ಹಸಿರಾಗದಿದ್ರೆ ಹೇಮಾಕ್ಷಿ ಕಾಣಿಕೆ ಹಾಕಲಿ. ಎರಡೂ ಕಡೆ ನ್ಯಾಯ ಆಯ್ತಲ್ಲ?"

"ಇಲ್ಲ ಸರ್. ಹಸಿರಾಗದಿದ್ರೂ ನಾನು ಹಾಕುವುದಿಲ್ಲ. ನನ್ನದಲ್ಲ ಅಂತ ಆಗ್ಲೇ ಗೊತ್ತಾಯ್ತು. ಕಳ್ಳ ಸಿಗ್ಲಿಲ್ಲ ಅಂತ ಎದುರಿಗೆ ಸಿಕ್ಕಿದವರನ್ನು ಜೈಲಿಗೆ ಹಾಕ್ಲಿಕ್ಕೆ ಉಂಟಾ?" ಅವಳು ಹೊರಡಲು ತಿರುಗಿದಳು. ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು. "ಇದೇ ಹಾಲ್‌ನಲ್ಲಿ ನನ್ನ ತಲೆಗೆ ಕಟ್ಟಿದ್ದು. ಇದೇ ಹಾಲ್‌ನಲ್ಲಿ ಅವಳ ತಪ್ಪಿಲ್ಲ ಅಂತ ನೀವು ಹೇಳಬೇಕು. ಅಲ್ಲಿವರೆಗೆ ನಾನು ಗುಡಿಸ್ಲಿಕ್ಕೆ ಹಿಡಿಸೂಡಿ ಮುಟ್ಟುವುದಿಲ್ಲ."

ಅವಳು ಮುಟ್ಟಲಿಲ್ಲ. ಝಹ್ರಾ ಪಾತ್ರೆ ಮುಟ್ಟಲಿಲ್ಲ. ಉಳಿದ ಹೆಂಗಸರೂ ಕೈಕಟ್ಟಿ ಕೂತರು. ದಿನಾ ಬೆಳಿಗ್ಗೆ ಬರುವುದಂತೂ ತಪ್ಪಲಿಲ್ಲ. ಬಂದು ಬಾವಿಕಟ್ಟೆಯ ಮೇಲೆ ಸಾಲಾಗಿ ಕೂತು ಕಡ್ಲೆ ತಿಂದರು, ಪರಸ್ಪರರ ಸೊಸೆಯಂದಿರ ಸುದ್ದಿ ಹೇಳಿಕೊಂಡರು. ಹೇಮಾಕ್ಷಿಯ ಬೆನ್ನು ಇಷ್ಟು ಹೊತ್ತು ನೆಟ್ಟಗೆ ಕೂತದ್ದು ಎಷ್ಟೋ ಕಾಲದ ಮೇಲೆ. ಬೆರಳ ಸಂದಿಯ ಬಿರುಕು ಒಣಗತೊಡಗಿತು.

ಕಟ್ಟಡದ ಒಳಗೆ ಬೇರೆಯೇ ಯಕ್ಷಗಾನ. ಇಂಜಿನಿಯರುಗಳು ತಮ್ಮ ತಮ್ಮ ಬಕೆಟ್ ಹಿಡಿದು ಮೂಗು ಬಿಗಿದು ಲಿಫ್ಟಿನಲ್ಲಿ ಇಳಿದರು. ಒಬ್ಬನ ಬಕೆಟಿನಿಂದ ಮೀನಿನ ನೀರು ಲಿಫ್ಟಿನಲ್ಲಿ ಚೆಲ್ಲಿತು. ಅದನ್ನು ಒರೆಸುವವರಿಲ್ಲ. ಮರುದಿನದಿಂದ ಎಲ್ಲರೂ ಮೆಟ್ಟಿಲು ಹಿಡಿದರು. ಬ್ಯಾಂಕ್ ಮ್ಯಾನೇಜರು ಏದುಸಿರು ಬಿಡುತ್ತ ನಡುವಿನ ಮಹಡಿಯಲ್ಲಿ ಕೂತು, "ಇದನ್ನು ದಿನಾ ಹೇಗೆ ಮಾಡ್ತಾರೆ ಮಾರಾಯ್ರೆ," ಎಂದು ಪಕ್ಕದವನನ್ನು ಕೇಳಿದ. ಶಶಿಪ್ರಭಾ ಒಂದು ಬೆಳಿಗ್ಗೆ ಬಾವಿಕಟ್ಟೆಗೆ ಬಂದು ಮೆಟ್ಟಿಲ ಅಡಿಯ ಕಕ್ಕಸಿನ ಕೀಲಿಯನ್ನು ಹೇಮಾಕ್ಷಿಯ ಕೈಗೆ ಕೊಟ್ಟಳು. "ಯಾಕೆ ಬೀಗ ಹಾಕಿದ್ದು ಅಂತ ಇವರನ್ನು ಕೇಳಿದೆ. ಇವರಿಗೂ ಗೊತ್ತಿಲ್ಲ," ಎಂದು ಹೇಳಿ ತಲೆ ತಗ್ಗಿಸಿ ಹೋದಳು.

ಅದರ ನಡುವೆ ಇರ್ವಿನ್ ಪುಡಿ ತಂದು ಟ್ಯಾಂಕಿಗೆ ಸುರಿದ. ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿಗೆ ಒಂದು ಮೊಂಬತ್ತಿ ಹಚ್ಚಿ ಬಂದೇ ಸುರಿದನಂತೆ. ಎರಡು ದಿನ ನೀರು ಹೇಗಿತ್ತೋ ಹಾಗೆಯೇ ಇತ್ತು. ತಾರಾನಾಥನಿಗೆ ಮೀಸೆಯಲ್ಲಿ ನಗು. ಹೇಮಾಕ್ಷಿ ಕಡ್ಲೆ ತಿನ್ನುವುದನ್ನು ಬಿಡಲಿಲ್ಲ. ಹಸಿರಾದರೂ ಆಗದಿದ್ದರೂ ತನ್ನದಲ್ಲ ಎಂದು ಗೊತ್ತಿರುವವಳಿಗೆ ಎಂಥ ಹೆದರಿಕೆ?

ಮತ್ತೊಂದು ಬೆಳಿಗ್ಗೆ ಝಹ್ರಾ ಬಾವಿಗೆ ಬಗ್ಗಿ ನೋಡಿ ಕಿರುಚಿದಳು. ಬಾವಿ ಗಿಳಿಹಸಿರಾಗಿತ್ತು. ಬಿಸಿಲು ಬಿದ್ದ ಕಡೆ ಥಳಥಳ ಹೊಳೆಯುತ್ತಿತ್ತು. ಮೇಲಿನ ಟ್ಯಾಂಕಿಗೆ ಏರಿ ಎಲ್ಲರ ನಲ್ಲಿಯಲ್ಲೂ ಹಸಿರು ಇಳಿಯಿತು. ಕಾಲೇಜಿಗೆ ಹೋಗುವ ಮಕ್ಕಳು ಇಳಿದು ಬಂದು ರೀಲ್ಸ್ ಮಾಡಿದರು. ಪಕ್ಕದ ಕಟ್ಟಡದವರು ಟಿಕೆಟ್ ಇಲ್ಲದ ಪ್ರದರ್ಶನಕ್ಕೆ ಬಂದಂತೆ ಬಂದರು. ಮೀಟಿಂಗಿನಲ್ಲಿ ನಕ್ಕ ಆ ಮುದುಕಿ ಬಾವಿಕಟ್ಟೆಗೆ ಬಂದು, "ಯಾರದ್ದು ಇದು, ಯಾವ ಮನೆಯದ್ದು?" ಎಂದು ಕೇಳಿದಳು. "ಎಲ್ಲರದ್ದೂ ಅಮ್ಮ. ಅದರಲ್ಲಿ ಭೇದ ಇಲ್ಲ," ಎಂದಳು ಹೇಮಾಕ್ಷಿ.

ಮುಂದಿನ ಮೀಟಿಂಗಿನಲ್ಲಿ ಅವಳಿಗೆ ಕುರ್ಚಿ ಇತ್ತು. ಝಹ್ರಾಳಿಗೂ ಇತ್ತು. ಶಶಿಪ್ರಭಾ ಲಾಡಿನ ಪೆಟ್ಟಿಗೆ ತಂದಿದ್ದಳು. ತಾರಾನಾಥ ಎದ್ದು ನಿಂತು ಸ್ವಲ್ಪ ಹೊತ್ತು ಸುತ್ತಿ ಬಳಸಿದ. ಹೆಂಡತಿ ಗಂಟಲು ಸರಿಮಾಡಿಕೊಂಡ ಮೇಲೆ ನೆಟ್ಟಗಾದ.

"ಬಾವಿ ಹಾಳಾದದ್ದು ನಮ್ಮ ಟ್ಯಾಂಕಿನಿಂದ. ಹೇಮಾಕ್ಷಿಯ ತಪ್ಪು ಎಂತದ್ದೂ ಇಲ್ಲ. ಅವಳನ್ನು ಕೇಳದೆ ಅವಳ ಮೇಲೆ ಹೊರಿಸಿದ್ದು ನಮ್ಮ ತಪ್ಪು."

ಚಪ್ಪಾಳೆ ಬಿತ್ತು. ಹೇಮಾಕ್ಷಿಯ ಕಣ್ಣು ತುಂಬಿ ಬಂತು. ಬೇಕಾದದ್ದು ಇಷ್ಟೇ ಇತ್ತು. ಇಷ್ಟೇ ಮಾತು. ಇದಕ್ಕೆ ಒಂದು ಬಾವಿ ಹಸಿರಾಗಬೇಕಾಯಿತು. ಲಾಡಿನ ಪೆಟ್ಟಿಗೆ ಸಾಲಿನಿಂದ ಸಾಲಿಗೆ ದಾಟತೊಡಗಿತು. ಒಳಚರಂಡಿಗೆ ಸೇರಿಸುವುದೆಂದು ಯಾವ ತಕರಾರೂ ಇಲ್ಲದೆ ತೀರ್ಮಾನವಾಯಿತು. ತಾರಾನಾಥನ ಮುಖ ಅರಳಿತು. ಭಾರ ಇಳಿದ ಖುಷಿಯಲ್ಲಿ ಅವನು ಮುಂದುವರಿಸಿದ.

"ಅದಕ್ಕೆ ಮೊದಲು ಟ್ಯಾಂಕು ಖಾಲಿ ಮಾಡಿಸಬೇಕು. ಹೊಲಸು ಹೀರುವ ಮಿಷನ್ ಗಾಡಿ ಈ ಇಳಿಜಾರಿಗೆ ಇಳಿಸುವುದು ರಗಳೆ. ಯಾರನ್ನಾದ್ರೂ ಒಳಗೆ ಇಳಿಸಿದ್ರೆ ಬೇಗ ಆಗ್ತದೆ. ಹೇಮಾಕ್ಷಿ, ನಿನ್ನ ಕಡೆಯ ಗಂಡಸರು ಯಾರಾದ್ರೂ ಇದ್ರೆ ಹೇಳು."

ಝಹ್ರಾಳ ಲಾಡು ಬಾಯಿಯ ಹತ್ತಿರ ನಿಂತಿತು. ಹೇಮಾಕ್ಷಿ ಕಣ್ಣೊರೆಸಿಕೊಂಡಳು. ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. ಈಗಷ್ಟೇ ತಪ್ಪೊಪ್ಪಿಕೊಂಡ ಬಾಯಿ, ಇನ್ನೂ ಲಾಡಿನ ಸಿಹಿ ಆರಿಲ್ಲ.

"ನನ್ನ ಕಡೆಯವರು ಯಾಕೆ ಸರ್?"

"ಅಲ್ಲ, ಅಭ್ಯಾಸ ಇರುವವರು…"

"ನನ್ನ ಗಂಡ ದುಬೈಯಲ್ಲಿ ಗಾಡಿ ಬಿಟ್ಟವರು. ನನ್ನ ಅಪ್ಪ ಗದ್ದೆ ಉತ್ತವರು. ಅಭ್ಯಾಸ ಯಾರಿಗುಂಟು? ಅಭ್ಯಾಸ ಉಂಟು ಅಂತ ಬೇರೆ ಯಾರದ್ದೋ ಮಗನನ್ನು ಇಳಿಸ್ಲಿಕ್ಕೂ ಇಲ್ಲ. ಅದರೊಳಗೆ ಉಸಿರು ಕಟ್ಟಿ ಸಾಯ್ತಾರೆ. ಮನುಷ್ಯರನ್ನು ಇಳಿಸಬಾರದು ಅಂತ ಕಾನೂನೇ ಉಂಟು. ನಿಮಗೂ ಗೊತ್ತುಂಟು, ಇಲ್ಲಿ ಎಲ್ಲರಿಗೂ ಗೊತ್ತುಂಟು. ಆದ್ರೂ ಟ್ಯಾಂಕು ಅಂದ ಕೂಡ್ಲೆ ನೀವು ನನ್ನ ಮುಖ ನೋಡಿದ್ರಲ್ಲ, ಯಾಕೆ? ಕಾರಣ ಹೇಳಿ."

"ಮೊದಲಿಂದ ಹಾಗೆಯೇ ಅಲ್ವಾ…"

"ಅದು ಕಾರಣ ಅಲ್ಲ," ಎಂದಳು ಶಶಿಪ್ರಭಾ.

ತಾರಾನಾಥ ಸುತ್ತ ನೋಡಿದ. ಇಂಜಿನಿಯರು ಮೊಬೈಲು ತೆಗೆಯಲಿಲ್ಲ. ಇರ್ವಿನ್ ಕನ್ನಡಕ ಒರೆಸಲಿಲ್ಲ, ನೆಟ್ಟಗೆ ಅವನನ್ನೇ ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ತಾರಾನಾಥ ನಿಜವಾಗಿಯೂ ಯೋಚಿಸಿದ. ಹಣೆ ಗಂಟಿಕ್ಕಿ, ಬಾಯಿ ತೆರೆದು ಮುಚ್ಚಿ, ಮತ್ತೆ ತೆರೆದು ಯೋಚಿಸಿದ. ಹುಡುಕುತ್ತಿದ್ದಾನೆ ಎಂದು ಮುಖವೇ ಹೇಳುತ್ತಿತ್ತು. ಹೇಮಾಕ್ಷಿ ಅವಸರ ಮಾಡಲಿಲ್ಲ.

"ಇಲ್ಲ," ಎಂದ ಅವನು ಕಡೆಗೆ, ತನಗೇ ಆಶ್ಚರ್ಯವಾದ ದನಿಯಲ್ಲಿ. "ಕಾರಣ ಎಂತದ್ದೂ ಇಲ್ಲ."

"ಹಾಗಾದ್ರೆ ಮಿಷನ್ ತರಿಸಿ," ಎಂದು ಹೇಮಾಕ್ಷಿ ಲಾಡಿನ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.